ಕ್ರಿಸ್ತಪುರಾಣವೂ ಸಾಷ್ಟಿಯ ಶ್ರೋತೃಗಳೂ

ಫಾದರ್ ಥಾಮಸ್ ಸ್ಟೀಫನ್ಸರ ‘ಕ್ರಿಸ್ತಪುರಾಣ’ದ ಮೊದಲ ಅಧ್ಯಾಯದಲ್ಲಿ ಒಂದು ಪ್ರಸಂಗವುಂಟು. ಗೋವೆಯ ಸಾಷ್ಟಿ ಪ್ರಾಂತದ ಇಗರ್ಜಿಯಲ್ಲಿ ಸಾಯಂಕಾಲದ ಪ್ರಾರ್ಥನೆ ಮುಗಿದು ಬಾಲಕರಿಗೆ ಧರ್ಮೋಪದೇಶ ನಡೆಯುತ್ತಿರುವ ಹೊತ್ತಿನಲ್ಲಿ ಬ್ರಾಹ್ಮಣನೊಬ್ಬನು ಪಾದ್ರಿಯ ಬಳಿ ವಿನಯದಿಂದ ಬಿನ್ನಹ ಮಾಡಿಕೊಳ್ಳುತ್ತಾನೆ. ಪೂರ್ವದ ಪುರಾಣಗಳನ್ನು ಓದಬಾರದೆಂದು ತಮಗೆ ವಿಧಿಸಲಾಗಿದೆ. ಹಾಗಾದರೆ ಆ ಸ್ಥಾನದಲ್ಲಿ ತಾವು ಓದಿ ಕೇಳಿ ಮನಸ್ಸನ್ನು ತಣಿಸಿಕೊಳ್ಳುವುದಕ್ಕೆ ಅಂಥದೇ ಇನ್ನೊಂದನ್ನು ಏಕೆ ರಚಿಸಿಕೊಡಬಾರದು ಎಂಬುದು ಅವನ ಪ್ರಶ್ನೆ. ಸುಮಾರು ಹನ್ನೊಂದು ಸಾವಿರ ಓವಿಗಳ ಆ ಬೃಹತ್ಕಾವ್ಯವು ಹುಟ್ಟಿದುದು ಈ ಪ್ರಶ್ನೆಗೆ ಉತ್ತರವಾಗಿ ಎಂದು ಕವಿಯೇ ಒಪ್ಪಿಕೊಂಡಂತಾಯಿತು. ನಂಬಿಕೆಯ ನೆಲೆ ಕದಲಿದ ಕಾಲದಲ್ಲಿ ಮನುಷ್ಯನು ಮೊದಲು ಕೇಳುವುದು ಸಿದ್ಧಾಂತವನ್ನಲ್ಲ, ತನ್ನ ನುಡಿಯಲ್ಲಿ ನಾಲ್ವರ ನಡುವೆ ಕುಳಿತು ಕೇಳಬಹುದಾದ ಕಥೆಯನ್ನು ಎಂಬ ಸಂಗತಿಯನ್ನು ಇಷ್ಟು ನೇರವಾಗಿ ಕಂಡ ಧರ್ಮೋಪದೇಶಕರು ಆ ಯುಗದಲ್ಲಿ ವಿರಳ.

ಆ ಬ್ರಾಹ್ಮಣನ ಕೊರತೆ ಎಂತಹದೆಂಬುದನ್ನು ತಿಳಿಯದೆ ಈ ಗ್ರಂಥದ ಬೆಲೆ ಕಟ್ಟಲಾಗದು. 1560ರಲ್ಲಿ ಗೋವೆಯಲ್ಲಿ ಧರ್ಮವಿಚಾರಣಾ ನ್ಯಾಯಸ್ಥಾನ ಸ್ಥಾಪಿತವಾಯಿತು. 1567ರಲ್ಲಿ ಸಾಷ್ಟಿಯ ದೇವಾಲಯಗಳು ನೂರಾರು ಸಂಖ್ಯೆಯಲ್ಲಿ ನೆಲಸಮವಾದುವು. ಕುಶಸ್ಥಳಿಯ ಮಂಗೇಶನೂ ಕೇಳಶಿಯ ಶಾಂತಾದುರ್ಗೆಯೂ ನದಿಯಾಚೆಯ ಅಂತ್ರುಜದ ನೆಲಕ್ಕೆ ವಲಸೆ ಹೋದರು. ದೇವರ ಬೆನ್ನಿಗೆ ಹೊರಟವರು ಹೊರಟರು, ದಕ್ಷಿಣಕ್ಕೆ ನಮ್ಮ ಕರಾವಳಿಗೆ ಇಳಿದವರು ಇಳಿದರು; ಹೊಲ ಮನೆಗಳನ್ನು ಬಿಡಲಾರದೆ ಉಳಿದು ದೀಕ್ಷೆ ಪಡೆದವರಿಗೆ ಹೊಸ ಹೆಸರು, ಹೊಸ ಹಬ್ಬ, ಹೊಸ ಗುಡಿ ಎಲ್ಲವೂ ಒಮ್ಮೆಗೇ ಬಂದುವು. ಆದರೆ ಸಂಜೆಯ ಹೊತ್ತು ದೀಪದ ಬಳಿ ಪುರಾಣಿಕನು ಓದುತ್ತಿದ್ದ ಜಾಗ ಬರಿದಾಗಿಯೇ ಉಳಿಯಿತು. 1583ರ ಜುಲೈ ತಿಂಗಳಲ್ಲಿ ಕುಂಕಳ್ಳಿಯಲ್ಲಿ ಐವರು ಜೆಸುಯಿಟರು ಜನರ ಕೈಯಲ್ಲಿ ಹತರಾದರು. ಅದಕ್ಕೆ ಪ್ರತೀಕಾರವಾಗಿ ಪೋರ್ಚುಗೀಸರು ಊರ ಗಾಂವ್ಕಾರರನ್ನು ಸಂಧಾನಕ್ಕೆಂದು ಅಸೋಳ್ಣೆಯ ಕೋಟೆಗೆ ಕರೆಸಿ ಕೊಲ್ಲಿಸಿದರು. ಸ್ಟೀಫನ್ಸರು ಧರ್ಮೋಪದೇಶಕ್ಕೆ ನಿಂತ ಸಾಷ್ಟಿ ಇದು.

ಈ ಕವಿ ಹುಟ್ಟಿದುದು ಸುಮಾರು 1549ರಲ್ಲಿ, ಇಂಗ್ಲೆಂಡಿನ ವಿಲ್ಟ್‌ಷೈರಿನಲ್ಲಿ. ಅಲ್ಲಿ ರಾಜಶಾಸನದಿಂದ ಮತವು ಬದಲಾಗಿ, ತಾತಮುತ್ತಾತಂದಿರು ಕೇಳುತ್ತಿದ್ದ ಪೂಜೆಯು ನಿಷಿದ್ಧವಾಗಿ, ಕೆಥೋಲಿಕರು ಮನೆಯೊಳಗೆ ಬಾಗಿಲಿಕ್ಕಿಕೊಂಡು ಪ್ರಾರ್ಥಿಸಬೇಕಾದ ದಿನಗಳು. ಸ್ಟೀಫನ್ಸರು ತಾಯ್ನಾಡನ್ನು ಬಿಟ್ಟು ರೋಮಿಗೆ ಹೋಗಿ ಜೆಸುಯಿಟರ ಸಂಘವನ್ನು ಸೇರಿದರು. 1579ರ ಅಕ್ಟೋಬರಿನಲ್ಲಿ ಗೋವೆಗೆ ಬಂದಿಳಿದು, 1619ರಲ್ಲಿ ತೀರಿಕೊಳ್ಳುವ ತನಕ ಇಲ್ಲಿಯೇ ಇದ್ದರು. ಪ್ರಭುತ್ವವು ಪ್ರಜೆಯ ಆರಾಧನೆಗೆ ಕೈಹಾಕಿದರೆ ಆಗುವ ನೋವು ಏನೆಂಬುದನ್ನು ತನ್ನ ನಾಡಿನಲ್ಲಿಯೇ ಕಂಡಿದ್ದ ಮನುಷ್ಯನು, ಅದೇ ಕಾರ್ಯವನ್ನು ಮಾಡಿದ ಇನ್ನೊಂದು ಪ್ರಭುತ್ವದ ನೆರಳಿನಲ್ಲಿ ನಿಂತು ಈ ಕಾವ್ಯವನ್ನು ಬರೆದನು. ಇದನ್ನು ಓದುವಾಗಲೆಲ್ಲ ನನ್ನ ಮನಸ್ಸನ್ನು ಕಲಕುವ ವಿಷಯ ಇದು. ಕಾವ್ಯದಲ್ಲಿನ ಅನುಕಂಪಕ್ಕೂ ಅದರ ಕುರುಡಿಗೂ ಮೂಲ ಇಲ್ಲಿಯೇ ಇದೆಯೆಂದು ನಾನು ತಿಳಿದಿದ್ದೇನೆ.

ಅನುಕಂಪವನ್ನು ಮೊದಲು ನೋಡೋಣ. ಅದು ಕಾಣುವುದು ಭಾಷೆಯಲ್ಲಿ ಮತ್ತು ಕಥನದ ವಿಧಾನದಲ್ಲಿ. ಜ್ಞಾನೇಶ್ವರರೂ ಏಕನಾಥರೂ ಬಳಸಿದ ಓವಿ ಛಂದಸ್ಸನ್ನೇ ಸ್ಟೀಫನ್ಸರು ಆರಿಸಿಕೊಂಡರು; ಏಕನಾಥರು ಕಾಲವಾಗಿ ಇನ್ನೂ ಎರಡು ದಶಕ ತುಂಬದಿದ್ದ ಕಾಲವದು. ವಿಶ್ವವ್ಯಾಪಿಯಾದ ಪರಮೇಶ್ವರನಿಗೆ ನಮಸ್ಕರಿಸಿ, ಅನಂತರ ಕನ್ಯೆ ಮರಿಯಳಿಗೂ ದೇವದೂತರಿಗೂ ಸಂತರಿಗೂ ವಂದಿಸಿ ಕಥೆಯನ್ನು ಆರಂಭಿಸುವ ಕ್ರಮವು ನಮ್ಮ ಯಾವ ಪುರಾಣ ಶ್ರೋತೃವಿಗೂ ಅಪರಿಚಿತವೆನಿಸದು. ಮರಾಠಿ ನುಡಿಯನ್ನು ಹೂಗಳಲ್ಲಿ ಮಲ್ಲಿಗೆಗೂ ಪರಿಮಳಗಳಲ್ಲಿ ಕಸ್ತೂರಿಗೂ ಹೋಲಿಸಿ ಕೊಂಡಾಡುವ ಭಾಗವು ಮಹಾರಾಷ್ಟ್ರದಲ್ಲಿ ಇಂದಿಗೂ ಮನೆಮಾತು. ಆದರೆ ನನಗೆ ಅದಕ್ಕಿಂತ ಹಿರಿದಾಗಿ ತೋರುವುದು ಮುನ್ನುಡಿಯಲ್ಲಿ ಅವರು ತಿಳಿಸುವ ಇನ್ನೊಂದು ನಿರ್ಣಯ: ಶುದ್ಧ ಮರಾಠಿಯು ಈ ಊರಿನ ಜನಕ್ಕೆ ಸುಲಭವಾಗಿ ತಿಳಿಯದಾದುದರಿಂದ, ಹಳೆಯ ಕವಿಗಳ ಕಠಿಣ ಪದಗಳನ್ನು ಕೈಬಿಟ್ಟು, ಇಲ್ಲಿನವರು ಮನೆಯಲ್ಲಿ ಆಡುವ ಕೊಂಕಣಿಯ ಮಾತುಗಳನ್ನು ಬೆರೆಸಿ ಬರೆದಿರುವುದಾಗಿ ಅವರು ಹೇಳುತ್ತಾರೆ. ತಾನು ಒಲಿದು ಹೊಗಳಿದ ಭಾಷೆಯ ಸೌಷ್ಠವವನ್ನು ಕೇಳುವವನ ಅನುಕೂಲಕ್ಕಾಗಿ ಸಡಿಲಿಸುವುದು ಕವಿಯಾದವನಿಗೆ ಸಣ್ಣ ತ್ಯಾಗವಲ್ಲ. ನಾಡಿನ ಲಿಪಿಯಲ್ಲಿಯೇ ಅಚ್ಚು ಹಾಕಿಸಬೇಕೆಂದು 1608ರಲ್ಲಿ ಅವರು ರೋಮಿನಲ್ಲಿದ್ದ ತಮ್ಮ ಸಂಘದ ಹಿರಿಯರಿಗೆ ಪತ್ರ ಬರೆದರು; ಅದು ಕೈಗೂಡಲಿಲ್ಲ. 1616ರಲ್ಲಿ ಜುವಾರಿ ನದಿಯ ದಂಡೆಯ ರಾಚೋಲದಲ್ಲಿ ಗ್ರಂಥವು ರೋಮನ್ ಲಿಪಿಯಲ್ಲಿ ಅಚ್ಚಾಯಿತು.

ಕಥನದ ವಿಧಾನವು ಇನ್ನೂ ಗಮನಾರ್ಹವಾದುದು. ಇಡೀ ಕಾವ್ಯವು ಗುರುವಿನ ಸ್ಥಾನದಲ್ಲಿ ಕುಳಿತ ಪಾದ್ರಿಯೂ ಎದುರಿಗೆ ನೆರೆದ ಶ್ರೋತೃಗಳೂ ನಡೆಸುವ ಸಂವಾದದಂತೆ ಸಾಗುತ್ತದೆ. ಶ್ರೋತೃಗಳು ಸುಮ್ಮನೆ ತಲೆದೂಗುವವರಲ್ಲ. ಕಥೆಯ ನಡುವೆ ತಡೆದು ಸಂಶಯವನ್ನು ಮುಂದಿಡುತ್ತಾರೆ, ಗುರುವು ನಿಂತು ಸಮಾಧಾನ ಹೇಳಿ ಮುಂದುವರಿಯುತ್ತಾನೆ. ಸಮಾಧಾನಗಳೆಲ್ಲ ಸಮಾಧಾನಕರವೆಂದು ಹೇಳಲಾರೆ. ಕೆಲವು ಬರಿಯ ಪಾಠಶಾಲೆಯ ಉತ್ತರಗಳು. ಆದರೂ ಸಂಶಯಕ್ಕೆ ಕಾವ್ಯದೊಳಗೆ ಆಸನವನ್ನಿತ್ತುದು ದೊಡ್ಡ ಮಾತು. ಸಂದೇಹವನ್ನು ಆಡಿದರೆ ವಿಚಾರಣೆಗೆ ಗುರಿಯಾಗಬಹುದಾಗಿದ್ದ ಊರಿನಲ್ಲಿ, ಸಂದೇಹಪಡುವ ನಾಡಿಗನನ್ನು ಧರ್ಮಗ್ರಂಥದ ಪಾತ್ರವನ್ನಾಗಿಸಿ, ಅವನ ಪ್ರಶ್ನೆಯನ್ನು ಗೌರವದಿಂದ ಕೇಳಿಸಿಕೊಂಡುದರಿಂದಲೇ ಈ ಪುರಾಣವು ಹೊಸ ಕ್ರೈಸ್ತನ ಕಾಲಿಗೆ ನೆಲವಾಯಿತು. ಕೇಳುವ ಅವಕಾಶವಿಲ್ಲದ ಭಕ್ತಿಯು ಭಯವಾಗಿ ಉಳಿಯುತ್ತದೆಯಲ್ಲದೆ ಬೇರಿಳಿಯುವುದಿಲ್ಲ.

ಎರಡು ಭಾಗಗಳಲ್ಲಿ ಎರಡನೆಯದು, ಕ್ರಿಸ್ತನ ಜನ್ಮದಿಂದ ಮೊದಲಾಗಿ ನಡೆಯುವ ಭಾಗ, ಎಲ್ಲ ವಿಧದಿಂದಲೂ ಶ್ರೇಷ್ಠ. ಅದರಲ್ಲಿಯೂ ಶಿಲುಬೆಯ ದಾರಿಯ ಅಧ್ಯಾಯಗಳಿಗೆ ಬಂದಾಗ ವಾದವು ಹಿಂದೆ ಸರಿದು ಕರುಣರಸವು ತಾನಾಗಿ ತುಂಬುತ್ತದೆ; ಮಗನನ್ನು ಕಳೆದುಕೊಂಡ ತಾಯಿಯ ದುಃಖಕ್ಕೆ ಯಾವ ಮತದ ಶ್ರೋತೃವಾದರೂ ವ್ಯಾಖ್ಯಾನ ಬೇಡುವುದಿಲ್ಲ. ಮೊದಲ ಭಾಗವಾದರೋ, ಸೃಷ್ಟಿಯಿಂದ ಹಿಡಿದು ಪ್ರವಾದಿಗಳವರೆಗೆ ಹಳೆಯ ಒಡಂಬಡಿಕೆಯನ್ನು ಒಂದೇ ನಡಿಗೆಯಲ್ಲಿ ಹೇಳಿ ಮುಗಿಸುವ ಉತ್ಸಾಹದಲ್ಲಿ ಅನೇಕ ಕಡೆ ಬಳಲಿದೆ.

ಈಗ ಅದರ ಕುರುಡಿನ ಮಾತು. ಶ್ರೋತೃಗಳ ಪೂರ್ವಿಕರು ಪೂಜಿಸಿದ ದೇವತೆಗಳನ್ನು ಕುರಿತು ಈ ಕಾವ್ಯವು ಆಡುವ ಮಾತುಗಳು ಕಠೋರವಾದುವು. ಯಾವ ಪುರಾಣಪರಂಪರೆಯಿಂದ ಛಂದಸ್ಸನ್ನೂ ಮಂಗಳಾಚರಣೆಯನ್ನೂ ಪರಿಭಾಷೆಯನ್ನೂ ಎರವಲು ತಂದಿತೋ ಅದೇ ಪರಂಪರೆಯನ್ನು ಅದು ತೆಗಳುತ್ತದೆ. ಪಡೆದುಕೊಂಡುದಕ್ಕೆ ಕೃತಜ್ಞತೆಯ ಒಂದು ಸೊಲ್ಲೂ ಇಲ್ಲ. ಅಂದಿನ ಧರ್ಮಶಾಸ್ತ್ರವೇ ಹಾಗಿತ್ತೆಂದು ಹೇಳಿ ಇದನ್ನು ದಾಟಿಬಿಡುವುದು ವಿಮರ್ಶೆಯಾಗದು. ಕೇಳುವವನನ್ನು ತನ್ನ ಅಜ್ಜಿಯ ಮೇಲೆಯೇ ನಾಚಿಕೆಪಡುವಂತೆ ಮಾಡಿದ ಕಾವ್ಯವು ಅವನಿಗೆ ನೆಲವನ್ನು ಕೊಡುತ್ತಲೇ ಅರ್ಧ ನೆಲವನ್ನು ಕಿತ್ತುಕೊಂಡಿದೆ. ಇಲ್ಲಿ ನಮ್ಮ ಮಂಜೇಶ್ವರದ ಗೋವಿಂದ ಪೈಗಳ ನೆನಪು ಬಾರದಿರದು. ಗೋವೆಯಿಂದ ದಕ್ಷಿಣಕ್ಕೆ ಬಂದ ಸಾರಸ್ವತರ ಕುಲದಲ್ಲಿ ಹುಟ್ಟಿ, ಮನೆಯಲ್ಲಿ ಕೊಂಕಣಿಯನ್ನಾಡಿ, ಕನ್ನಡದಲ್ಲಿ ‘ಗೊಲ್ಗೊಥಾ’ವನ್ನು ಬರೆದ ಆ ಹಿರಿಯರು ಕ್ರಿಸ್ತನ ಕೊನೆಯ ದಿನವನ್ನು ಹೇಳಲು ಯಾರ ದೇವರನ್ನೂ ಕೆಳಗಿಳಿಸಬೇಕಾಗಲಿಲ್ಲ. ಸ್ಟೀಫನ್ಸರ ಕಾವ್ಯದ ವಿಸ್ತಾರ ಅವರಲ್ಲಿಲ್ಲ, ನಿಜ. ಆದರೆ ಕ್ರಿಸ್ತಕಥೆಗೆ ಖಂಡನೆಯ ಊರುಗೋಲು ಬೇಕಿಲ್ಲವೆಂಬುದನ್ನು ಅವರು ಕನ್ನಡದಲ್ಲಿ ಸಾಧಿಸಿ ತೋರಿಸಿದ್ದಾರೆ.

ಇಷ್ಟಾದರೂ ಗ್ರಂಥದ ನಿಜವಾದ ಪರೀಕ್ಷೆ ನಡೆದುದು ಕವಿ ತೀರಿಕೊಂಡ ಮೇಲೆ. 1649ರಲ್ಲಿ, 1654ರಲ್ಲಿ ಅದು ಮರುಮುದ್ರಣಗೊಂಡಿತು. ಮೂರು ಮುದ್ರಣಗಳಲ್ಲಿ ಒಂದರದಾದರೂ ಪ್ರತಿ ಇಂದು ಉಳಿದುಬಂದಿಲ್ಲ. 1684ರಲ್ಲಿ ವೈಸರಾಯ್ ಆಲ್ವೋರಿನ ಕೌಂಟನು ಮೂರು ವರ್ಷಗಳೊಳಗೆ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸ್ ಭಾಷೆಯನ್ನೇ ಆಡತಕ್ಕದ್ದೆಂದು ಆಜ್ಞೆ ಹೊರಡಿಸಿದನು. ಹಿಂದೆ ಪುರಾಣವನ್ನು ಕಸಿದುಕೊಂಡಂತೆ ಈಗ ನುಡಿಯನ್ನೇ ಕಸಿಯುವ ಯತ್ನ ನಡೆಯಿತು. 1759ರಲ್ಲಿ ಪೋರ್ಚುಗೀಸ್ ರಾಜ್ಯದಿಂದ ಜೆಸುಯಿಟರೇ ಉಚ್ಚಾಟಿತರಾದರು. ಪೋಷಿಸಿದ ಸಂಘ ಹೋಯಿತು, ಅಚ್ಚಾದ ಪುಸ್ತಕ ಹೋಯಿತು. ಕೈಬರಹದ ಪ್ರತಿಗಳೂ ಕೇಳಿದವರ ಕಂಠವೂ ಉಳಿದುವು. ಬರಗಾಲ, ತೆರಿಗೆ, ಮರಾಠರ ದಾಳಿ, ವಿಚಾರಣೆಯ ಭಯ ಇವುಗಳಿಂದ ಬೇಸತ್ತು ಗೋವೆಯನ್ನು ಬಿಟ್ಟು ಕೆನರಾಕ್ಕೆ ಬಂದ ಕೊಂಕಣಿ ಕ್ರೈಸ್ತರು ಅಂಥ ಪ್ರತಿಗಳನ್ನು ತಮ್ಮೊಡನೆ ತಂದರು. 1784ರಲ್ಲಿ ಟಿಪ್ಪುಸುಲ್ತಾನನ ಆಜ್ಞೆಯಿಂದ ಅವರು ಸೆರೆಯಾಗಿ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದಾಗ, ಪೂಜೆ ಸಲ್ಲಿಸುವ ಪಾದ್ರಿಗಳಿಲ್ಲದ ಆ ಹದಿನೈದು ವರ್ಷ ಈ ಪುರಾಣವೇ ತಮ್ಮವರಿಗೆ ಧೈರ್ಯ ಕೊಟ್ಟಿತೆಂಬ ನಂಬಿಕೆ ಮಂಗಳೂರಿನ ಕ್ರೈಸ್ತರಲ್ಲಿ ಉಳಿದು ಬಂದಿದೆ. ಜೋಸೆಫ್ ಸಲ್ಡಾನರು 1907ರಲ್ಲಿ ಹಸ್ತಪ್ರತಿಗಳನ್ನು ಹೋಲಿಸಿ ನೋಡಿ ಪರಿಷ್ಕೃತ ಪಾಠವನ್ನು ಪ್ರಕಟಿಸಿದುದು ಮಂಗಳೂರಿನಲ್ಲಿಯೇ. ರಾಚೋಲದಲ್ಲಿ ಅಚ್ಚಾದ ಗ್ರಂಥವು ಸುಮಾರು ಮೂರು ಶತಮಾನಗಳ ಅನಂತರ ನಮ್ಮ ನೆಲದಲ್ಲಿ ಮರಳಿ ಬೆಳಕು ಕಂಡಿತೆಂಬುದು ಕನ್ನಡಿಗರು ತಿಳಿದಿರಬೇಕಾದ ವಿಷಯ.

ಗೋವೆಯಲ್ಲಾದರೋ ಚಿತ್ರ ಬೇರೆ. ಮೇ ತಿಂಗಳಲ್ಲಿ ಸಾಷ್ಟಿಯ ಯಾವ ವಾಡ್ಯಕ್ಕೆ ಹೋದರೂ ಸಂಜೆ ಶಿಲುಬೆಯ ಕಟ್ಟೆಗೆ ಸುಣ್ಣ ಬಳಿದು ಹೂಮಾಲೆ ಹಾಕಿ ಲದಿನ್ ಹಾಡುವುದನ್ನು ಕಾಣಬಹುದು. ಒಬ್ಬನು ಪಿಟೀಲು ನುಡಿಸುತ್ತಾನೆ. ಗಂಡಸರು ಮೇಲಿನ ಸ್ವರದಲ್ಲಿಯೂ ಕೆಳಗಿನ ಸ್ವರದಲ್ಲಿಯೂ ಬೇರೆ ಬೇರೆಯಾಗಿ ಹಿಡಿದು ಮರಿಯಳ ನಾಮಾವಳಿಯನ್ನು ಲ್ಯಾಟಿನ್ನಿನಲ್ಲಿ ಹಾಡುತ್ತಾರೆ. ಮುಗಿದ ಮೇಲೆ ಬೇಯಿಸಿದ ಕಡಲೆ, ತೆಂಗಿನಕಾಯಿಯ ಚೂರು, ಒಂದು ಗುಟುಕು ಫೆಣಿ. ಹಾಡಿದವರಲ್ಲಿ ಲ್ಯಾಟಿನ್ ಬಲ್ಲವರು ಎಂದೂ ಹೆಚ್ಚಿರಲಿಲ್ಲ. ಅರ್ಥವಾಗದ ಲದಿನ್ ಉಳಿಯಿತು, ಅರ್ಥವಾಗಲೆಂದೇ ಬರೆದ ಪುರಾಣ ಗೋವೆಯ ಮನೆಗಳಿಂದ ಮರೆಯಾಯಿತು. ಇದು ನನ್ನ ಮೇಲಿನ ವಾದಕ್ಕೆ ಪ್ರತಿಕೂಲವಾದ ಸಾಕ್ಷ್ಯವೆಂದು ತೋರಬಹುದು, ತೋರಬೇಕಾದುದೇ. ನನ್ನ ಅಭಿಪ್ರಾಯದಲ್ಲಿ ಕಾರಣವಿಷ್ಟು: ಲದಿನ್ನಿಗೆ ನೆರೆಹೊರೆಯಿದ್ದರೆ ಸಾಕು, ಪುರಾಣಕ್ಕೆ ಓದಬಲ್ಲ ಒಬ್ಬ ಪುರಾಣಿಕನೂ ಅವನು ಕಲಿತ ಒಂದು ಶಾಲೆಯೂ ಬೇಕು. ಶಾಲೆಯ ಭಾಷೆ ಪೋರ್ಚುಗೀಸಾದಾಗ ಆ ಕೊಂಡಿ ಕಳಚಿತು. ಕಾವ್ಯದ ಶಕ್ತಿ ಕುಂದಿದುದರಿಂದ ಅದು ಮರೆಯಾಗಲಿಲ್ಲ, ಓದುವವನನ್ನು ಸಿದ್ಧಪಡಿಸದೆ ಹೋದುದರಿಂದ ಮರೆಯಾಯಿತು. ಲದಿನ್ನಾದರೂ ಎಲ್ಲವನ್ನೂ ಕೊಡಲಾರದು. ಅದು ಜನರನ್ನು ಕೂಡಿಸುತ್ತದೆ. ಸಂಶಯಪಟ್ಟವನಿಗೆ ಅದರಲ್ಲಿ ಪ್ರಶ್ನೆ ಕೇಳುವ ಎಡೆಯಿಲ್ಲ.

ಇಂದಿನ ಗೋವೆಯ ಕ್ರೈಸ್ತರು ಇನ್ನೊಂದು ಪರಿವರ್ತನೆಯ ನಡುವೆ ಇದ್ದಾರೆ. 1961ರಲ್ಲಿ ಪೋರ್ಚುಗೀಸ್ ಆಳ್ವಿಕೆ ಮುಗಿಯಿತು. ಅದೇ ದಶಕದಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯ ತೀರ್ಮಾನದಿಂದ ಪೂಜೆಯು ಲ್ಯಾಟಿನ್ನಿನಿಂದ ಜನರ ನುಡಿಗೆ ಬಂದಿತು. 1684ರ ಆಜ್ಞೆಯು ಅಳಿಸಹೊರಟಿದ್ದ ಕೊಂಕಣಿ ವೇದಿಕೆಯ ಮೇಲೇರಿತು. ಆದರೆ ಪೋರ್ಚುಗಲ್ಲಿನ ಪಾಸ್‌ಪೋರ್ಟ್ ಪಡೆದು ಇಂಗ್ಲೆಂಡಿನ ಸ್ವಿಂಡನ್‌ನಂಥ ಊರುಗಳಿಗೆ ದುಡಿಯಹೋದವರ ಮನೆಗಳಲ್ಲಿ ಮುದುಕರು ಮಾತ್ರ ಉಳಿದು ಜಪಮಾಲೆ ಹಿಡಿಯುತ್ತಾರೆ. ಸ್ವಿಂಡನ್ ಇರುವುದು ಸ್ಟೀಫನ್ಸರು ಹುಟ್ಟಿದ ವಿಲ್ಟ್‌ಷೈರಿನಲ್ಲಿಯೇ. ಅಲ್ಲಿ ಬೆಳೆಯುವ ಮಗುವಿಗೂ ಆ ಬ್ರಾಹ್ಮಣನ ಪ್ರಶ್ನೆಯೇ ಬರುತ್ತದೆ: ಮನೆಯಲ್ಲಿದ್ದುದು ಬಿಟ್ಟುಹೋಯಿತು, ಆ ಸ್ಥಾನಕ್ಕೆ ಏನು?

ಆದುದರಿಂದ ಈ ಪುರಾಣವನ್ನು ಪಂಡಿತರ ಕಪಾಟಿಗೆ ಬಿಟ್ಟುಕೊಡಬಾರದೆಂದು ನಾನು ಒತ್ತಿ ಹೇಳಬಯಸುತ್ತೇನೆ. ಪಾಠದ ಅಭಾವವಂತೂ ಇಲ್ಲ: ಮಂಗಳೂರಿನ ಮುದ್ರಣದ ತರುವಾಯ 1956ರಲ್ಲಿ ಪುಣೆಯಿಂದ ಶಾಂತಾರಾಮ ಬಂಡೇಲೂ, 1996ರಲ್ಲಿ ಮುಂಬಯಿಯಿಂದ ಕಾರಿದಾದ್ ದ್ರಾಗೊ, 2009ರಲ್ಲಿ ಬೆಂಗಳೂರಿನಿಂದ ನೆಲ್ಸನ್ ಫಾಲ್ಕಾವ್ ಅದನ್ನು ದೇವನಾಗರಿಯಲ್ಲಿ ಹೊರತಂದಿದ್ದಾರೆ. ಇಡೀ ಕಾವ್ಯ ಬೇಡ; ಖಂಡನೆಯ ಅಧ್ಯಾಯಗಳನ್ನು ಇತಿಹಾಸಕಾರರು ಓದಲಿ. ತಪಸ್ಸುಕಾಲದ ಸಂಜೆಗಳಲ್ಲಿ, ವಾಡ್ಯದ ಶಿಲುಬೆಯ ಬಳಿ, ಎರಡನೆಯ ಭಾಗದ ಶಿಲುಬೆಯ ದಾರಿಯ ಅಧ್ಯಾಯಗಳನ್ನು ದಿನಕ್ಕೆ ಕೆಲವು ಓವಿಗಳಂತೆ ಒಬ್ಬರು ರಾಗವಾಗಿ ಓದಿ, ಇನ್ನೊಬ್ಬರು ಇಂದಿನ ಕೊಂಕಣಿಯಲ್ಲಿ ಅರ್ಥ ಹೇಳಿ, ಕೇಳಿದವರು ಸಂಶಯಗಳನ್ನು ಮುಂದಿಡಲಿ. ನಮ್ಮಲ್ಲಿ ಗಮಕಿಗಳೂ ವ್ಯಾಖ್ಯಾನಕಾರರೂ ಜೊತೆಗೂಡಿ ಕುಮಾರವ್ಯಾಸನನ್ನು ಜೀವಂತವಾಗಿ ಇರಿಸಿರುವುದು ಹೀಗೆಯೇ. ನಾನೂರು ವರ್ಷಗಳ ಹಿಂದೆ ಮರಾಠಿಗೆ ಕೊಂಕಣಿಯನ್ನು ಬೆರೆಸಿದ ಕವಿಯು ಇದಕ್ಕೆ ಆಕ್ಷೇಪಿಸುತ್ತಿದ್ದನೆಂದು ನನಗೆ ತೋರುವುದಿಲ್ಲ. ಅರ್ಥ ಹೇಳುವವರು ಮಾತ್ರ ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ನದಿಯಾಚೆಯ ಮಂಗೇಶನ ಭಕ್ತರೂ ಬಂದು ಕುಳಿತು ಕೇಳಬಹುದಾದಂತೆ ಹೇಳಬೇಕು.