ಶೇ. 98.1ರ ಬಿಳುಪು

ಬಿಳಿ ಬಣ್ಣಕ್ಕೂ ಗಿನ್ನೆಸ್ ದಾಖಲೆ ಇದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಶಿಯುಲಿನ್ ರುವಾನ್ ತಂಡ 2021ರಲ್ಲಿ ಪ್ರಕಟಿಸಿದ ಬಣ್ಣ, ಮೈಮೇಲೆ ಬಿದ್ದ ಬಿಸಿಲಿನ ಶೇ. 98.1 ಭಾಗವನ್ನು ಹಿಂದಕ್ಕಟ್ಟುತ್ತದೆ. ಅಂಗಡಿಯ ಬಿಳಿ ಬಣ್ಣಗಳದ್ದು ಶೇ. 80ರಿಂದ 90. ಅಂತರ ಅಲ್ಪವೆನಿಸಿದರೆ ಲೆಕ್ಕವನ್ನು ತಿರುಗಿಸಿ ನೋಡಬೇಕು: ಅವು ಕನಿಷ್ಠ ಹತ್ತು ಪಾಲು ಬಿಸಿಲು ಕುಡಿದರೆ ಇದು ಎರಡು ಪಾಲನ್ನೂ ಕುಡಿಯುವುದಿಲ್ಲ.

ಗುಟ್ಟಿರುವುದು ಬೇರಿಯಂ ಸಲ್ಫೇಟ್‌ನಲ್ಲಿ. ಜಠರದ ಎಕ್ಸ್‌ರೇಗೆ ಮುನ್ನ ರೋಗಿಗೆ ಕುಡಿಸುವ ಅದೇ ಬಿಳಿ ಪುಡಿ. ಮಾಮೂಲಿ ಬಣ್ಣದ ಟೈಟಾನಿಯಂ ಡೈಆಕ್ಸೈಡ್ ನೇರಳಾತೀತ ಕಿರಣಗಳನ್ನು ಹೀರುತ್ತದೆ, ಇದು ಹೀರುವುದಿಲ್ಲ. ಕಣಗಳ ಗಾತ್ರ ಬೇರೆಬೇರೆ ಇರುವುದರಿಂದ ಬಗೆಬಗೆಯ ಅಲೆಗಳೂ ಚದುರುತ್ತವೆ. ಮೇಲಾಗಿ ಬಣ್ಣ ತನ್ನ ಶಾಖವನ್ನು 8ರಿಂದ 13 ಮೈಕ್ರೊಮೀಟರ್ ಅಲೆಯುದ್ದದ ಅವಕೆಂಪು ಕಿರಣವಾಗಿ ಹೊರಹಾಕುತ್ತದೆ. ಆ ಅಲೆಗಳಿಗೆ ವಾತಾವರಣ ತೆರೆದ ಕಿಟಕಿ; ಶಾಖ ಬಾಹ್ಯಾಕಾಶ ಸೇರುತ್ತದೆ. ಕರೆಂಟಿನ ಹಂಗಿಲ್ಲದೆ, ನಡುಹಗಲಲ್ಲೂ ಲೇಪದ ಮೈ ಸುತ್ತಲ ಗಾಳಿಗಿಂತ ಸುಮಾರು 4.5 ಡಿಗ್ರಿ ಸೆಲ್ಸಿಯಸ್ ತಂಪಾಗಿತ್ತು.

ವಿಜ್ಞಾನಕ್ಕೆ ಪೂರ್ಣಾಂಕ ಕೊಡಬಹುದು. ಮನೆಗೆ?

ಸಾವಿರ ಚದರಡಿ ಚಾವಣಿಗೆ ಬಳಿದರೆ 10 ಕಿಲೊವ್ಯಾಟ್ ತಂಪು, ಬಹುಪಾಲು ಮನೆಗಳ ಎ.ಸಿ.ಗಿಂತ ಹೆಚ್ಚು ಎಂದು ತಂಡ ಹೇಳಿತು. ಆದರೆ ಶಾಖ ಹೊರಹೋಗುವುದು ಚಾವಣಿಯಿಂದ, ಕೋಣೆಯಿಂದಲ್ಲ. ಮೂರಂತಸ್ತಿನ ಕಟ್ಟಡದ ನೆಲಮಹಡಿಯವರಿಗೆ ಇದರಿಂದ ದಕ್ಕುವುದು ಅತ್ಯಲ್ಪ. ಗಾಳಿಯಲ್ಲಿ ತೇವ ಹೆಚ್ಚಿದಂತೆ ಆಕಾಶದ ಕಿಟಕಿಯೂ ಅರೆ ಮುಚ್ಚುತ್ತದೆ. ರಾಯಚೂರಿನ ಒಣ ಬೇಸಿಗೆಯಲ್ಲಿ ಸಿಗುವಷ್ಟು ತಂಪು ಮಂಗಳೂರಿನ ಸೆಕೆಯಲ್ಲಿ ಸಿಗದು. ದಪ್ಪದ ತೊಡಕು ಬೇರೆ: ಮೊದಲ ಲೇಪಕ್ಕೆ 400 ಮೈಕ್ರಾನ್ ಬೇಕಿತ್ತು. 2022ರಲ್ಲಿ ಬೋರಾನ್ ನೈಟ್ರೈಡ್ ಬಳಸಿ ಅದನ್ನು 150ಕ್ಕೆ ಇಳಿಸಲಾಯಿತು.

ಹಿಂದಕ್ಕಟ್ಟಿದ ಬಿಸಿಲು ಎಲ್ಲೋ ಬೀಳಲೇಬೇಕು. ಅರಿಜೋನಾದ ಫೀನಿಕ್ಸ್ ನಗರ ರಸ್ತೆಗಳಿಗೆ ಬಿಸಿಲು ಚಿಮ್ಮಿಸುವ ಲೇಪ ಬಳಿದಾಗ ಮಧ್ಯಾಹ್ನ ರಸ್ತೆಯ ಮೈ ಸುಮಾರು 6 ಡಿಗ್ರಿ ತಣ್ಣಗಾಯಿತು. ಅದರ ಮೇಲೆ ನಿಂತವರಿಗೆ ಮಾತ್ರ ತಾಪ ಹೆಚ್ಚೇ ತಟ್ಟಿತು. ಇಂಥ ಲೇಪಕ್ಕೆ ಒಪ್ಪುವ ಜಾಗ ಚಾವಣಿಯೇ ಹೊರತು ಜನ ಓಡಾಡುವ ಬೀದಿಯಲ್ಲ.

ಭಾರತದ ಮಟ್ಟಿಗೆ ಸ್ಪರ್ಧೆ ಇರುವುದು ಸುಣ್ಣದ ಜೊತೆ. ಅಹಮದಾಬಾದ್ ಬಡವರ ಬಡಾವಣೆಗಳ ಚಾವಣಿಗಳಿಗೆ ಅಗ್ಗದ ಬಿಳಿ ಲೇಪ ಬಳಿಸಿತು. ತೆಲಂಗಾಣ 2023ರಲ್ಲಿ ತಂಪು ಚಾವಣಿ ನೀತಿಯನ್ನೇ ತಂದಿತು. ತಗಡಿನ ಮನೆಯವರಿಗೆ ಕಡುಬಿಸಿಲಿನಿಂದ ಸಿಗುವ ಬಿಡುಗಡೆಯ ದೊಡ್ಡ ಪಾಲನ್ನು ಸುಣ್ಣವೇ ಕೊಡುತ್ತದೆ. ಉಳಿದ ಕೆಲವೇ ಪಾಲಿಗಾಗಿ ಹೊಸ ಬಣ್ಣ ಎಷ್ಟು ದುಬಾರಿಯಾಗಬಹುದು? ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ವಿಜ್ಞಾನಿಗಳು ಸುಲಭಬೆಲೆಯ ಮೆಗ್ನೀಸಿಯಂ ಆಕ್ಸೈಡ್‌ನಿಂದ ಶೇ. 96ರಷ್ಟು ಬಿಸಿಲು ಚಿಮ್ಮಿಸುವ ಬಣ್ಣ ಮಾಡಿ ತೋರಿಸಿದ್ದು ಈ ಪ್ರಶ್ನೆಗೆ ಹತ್ತಿರದ ಉತ್ತರ. ಇನ್ನು ಅದು ಪಾಸಾಗಬೇಕಾದ ಪರೀಕ್ಷೆ ಮೂರು ಬೇಸಿಗೆ, ಮೂರು ಮಳೆಗಾಲ ಮತ್ತು ಬೆಂಗಳೂರಿನ ಧೂಳು.