ಮೇಜಿನ ಮೇಲಿನ ಸ್ಟಾಲಿನ್‌ಗ್ರಾಡ್

ಸೀಸದ ಸಿಪಾಯಿಗಳೊಡನೆ ಆಡುವುದು ಹುಡುಗರ ಕೆಲಸವೆಂದು ನಗುವವರು, ಎಚ್. ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕವನ್ನೇ ಬರೆದು ಆ ಆಟಕ್ಕೆ ನಿಯಮಗಳನ್ನು ಕಟ್ಟಿಕೊಟ್ಟನೆಂಬುದನ್ನು ನೆನೆಯಬೇಕು. ಆ ಪರಂಪರೆಯದೇ ಕುಡಿ, 2012ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ 'ಬೋಲ್ಟ್ ಆಕ್ಷನ್'. ಎರಡನೆಯ ಮಹಾಯುದ್ಧವೇ ಇದರ ವಸ್ತು. 28 ಮಿಲಿಮೀಟರ್ ಅಳತೆಯ ಗೊಂಬೆಗಳೇ ಪಾತ್ರಗಳು. ಹಾಳುಮನೆಗಳ ಮಾದರಿಗಳನ್ನು ಮೇಜಿನ ಮೇಲೆ ಜೋಡಿಸಿದರೆ 1942ರ ಸ್ಟಾಲಿನ್‌ಗ್ರಾಡಿನ ಬೀದಿ ಸಿದ್ಧ.

ಆಟದ ಜಾಣ್ಮೆ ಎರಡು ನಿಯಮಗಳಲ್ಲಿದೆ. ಇಬ್ಬರ ದಾಳಗಳನ್ನೂ ಒಂದೇ ಚೀಲಕ್ಕೆ ಹಾಕಿ ಒಂದೊಂದಾಗಿ ತೆಗೆಯುತ್ತಾರೆ. ಯಾರ ಬಣ್ಣ ಬಂದಿತೋ ಅವರ ತುಕಡಿಯೊಂದಕ್ಕೆ ಅಪ್ಪಣೆ. ಮುಂದಿನ ಸರದಿ ಯಾರದೆಂದು ಯಾರೂ ಅರಿಯರು. ಗುಂಡಿನೇಟಿಗೆ ಸಿಕ್ಕ ತುಕಡಿಯ ಪಕ್ಕದಲ್ಲಿ ಒಂದು ಗುರುತು ಬೀಳುತ್ತದೆ. ಗುರುತು ಹೆಚ್ಚಿದಂತೆ ಧೈರ್ಯ ಕುಗ್ಗಿ, ಅಪ್ಪಣೆ ಕೊಟ್ಟರೂ ಅದು ಕದಲದೆ ನೆಲಕ್ಕೊರಗಬಹುದು. ಸತ್ತವರನ್ನಷ್ಟೇ ಎಣಿಸದೆ ಬದುಕಿದವರ ಭಯವನ್ನೂ ಅಳೆಯುವ ಈ ಕ್ರಮ ಬೀದಿಕಾಳಗದ ಸತ್ಯಕ್ಕೆ ಹತ್ತಿರವಾದುದೆಂದು ಒಪ್ಪಲೇಬೇಕು.

ಆದರೆ ಕೊರತೆಯೊಂದುಂಟು. ಸಾರ್ಜೆಂಟ್ ಪಾವ್ಲೋವನ ಹೆಸರಿನಿಂದ ಪ್ರಸಿದ್ಧವಾದ ನಾಲ್ಕಂತಸ್ತಿನ ಮನೆಯನ್ನು ಸೋವಿಯತ್ ಸೈನಿಕರು ಸುಮಾರು ಎರಡು ತಿಂಗಳು ಕಾದರು. ಅದರ ನೆಲಮಾಳಿಗೆಯಲ್ಲಿ ಊರ ಜನರೂ ಇದ್ದರು. ಸಾಮಾನ್ಯವಾಗಿ ಆಡುವ ಆಟದಲ್ಲಿ ಅಂಥವರಿಗೆ ಎಡೆಯಿಲ್ಲ. ಆದುದರಿಂದಲೇ ಮನೆಯತ್ತ ಫಿರಂಗಿ ತಿರುಗಿಸುವಾಗ ಆಟಗಾರನ ಕೈ ಅಳುಕುವುದಿಲ್ಲ.

ಆ ನೆಲಮಾಳಿಗೆಯನ್ನು ನೆನೆದು ಆಡುವವನಿಗೆ ಈ ಆಟ ಇತಿಹಾಸದ ಓದಿಗೆ ದಾರಿಯಾದೀತು. ಮರೆತವನಿಗೆ ಇದು ಚೆನ್ನಾಗಿ ಬಣ್ಣ ಬಳಿದ ಚದುರಂಗವಷ್ಟೆ.