ನೇಪಾಳದಲ್ಲಿ ಕಣ್ಣು ನೆಲದ ಮೇಲಿರಲಿ

ನೇಪಾಳಕ್ಕೆ ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಎವರೆಸ್ಟ್ ಕಾಣುತ್ತದೆಯೇ? ಮೋಡ ಸರಿದರೆ ಕಂಡೀತು, ಕವಿದರೆ ಇಲ್ಲ. ಎಂಟು ಸಾವಿರ ಮೀಟರ್ ದಾಟಿದ ಜಗತ್ತಿನ 14 ಶಿಖರಗಳಲ್ಲಿ 8 ಆ ದೇಶದ ಒಳಗೋ ಗಡಿಯ ಮೇಲೋ ನಿಂತಿರುವಾಗ ಈ ಆಸೆ ಸಹಜವೇ. ಆದರೆ ಮೋಡದ ಮರ್ಜಿಗೆ ಇಡೀ ಪ್ರವಾಸವನ್ನು ಒಪ್ಪಿಸಿ ಬೇಸರದಿಂದ ಮರಳುವವರನ್ನು ಕಂಡಾಗ ಮರುಕವಾಗುತ್ತದೆ. ನೇಪಾಳದ ದೊಡ್ಡ ಸಂಪತ್ತು ತಲೆ ತಗ್ಗಿಸಿ ನೋಡುವವರಿಗೆ ಸಿಗುತ್ತದೆ. ಅದಕ್ಕೆ ಮೋಡದ ಕಾಟವೂ ಇಲ್ಲ.

ಕಠ್ಮಂಡು ಕಣಿವೆಯ ಪಾಟನ್‌ನಿಂದ ಶುರುಮಾಡಿ. ಅಲ್ಲಿನ ದರ್ಬಾರ್ ಚೌಕದಲ್ಲಿ ಎಲ್ಲರ ಕ್ಯಾಮೆರಾ ತಿರುಗುವುದು 1637ರ ಕೃಷ್ಣ ಮಂದಿರದತ್ತ. ತಿರುಗಲೇಬೇಕು, ಸಿದ್ಧಿನರಸಿಂಹ ಮಲ್ಲ ಕಟ್ಟಿಸಿದ ಆ ಕಲ್ಲಿನ ಗುಡಿಯ ಸುತ್ತ ರಾಮಾಯಣ, ಮಹಾಭಾರತಗಳ ಕಥೆ ಸಾಲು ಸಾಲಾಗಿ ಕೊರೆದಿದೆ. ಆದರೆ ಅಲ್ಲೇ ಹತ್ತಿರದಲ್ಲಿ, ಅರಮನೆಯ ಪಕ್ಕ, ಮೆಟ್ಟಿಲುಗಳು ನೆಲದೊಳಕ್ಕೆ ಇಳಿಯುತ್ತವೆ. ಅದು ಮಂಗ ಹಿಟಿ. ಹಿಟಿ ಎಂದರೆ ಈ ಕಣಿವೆಯ ನೇವಾರ ಜನರ ಊರುಗಳ ಕಲ್ಲಿನ ನೀರುದೋಣಿ. ಇದು ಕ್ರಿ.ಶ. 570ರದು, ಈಗ ನಾವು ನೋಡುವ ಅರಮನೆಗಿಂತ ಸಾವಿರ ವರ್ಷ ಹಳೆಯದು.

ಬೆಳಿಗ್ಗೆ ಬೇಗ ಹೋಗಿ, ಕೆಳಗಿಳಿದು ನಿಲ್ಲಿ. ಮೂರು ಮಕರಗಳ ಬಾಯಿಂದ ನೀರು ಸುರಿಯುತ್ತಿರುತ್ತದೆ. ತಾಮ್ರದ ಬಿಂದಿಗೆಯ ಹಿಂದೆ ಪ್ಲಾಸ್ಟಿಕ್ ಕ್ಯಾನು, ಅದರ ಹಿಂದೆ ಇನ್ನೊಂದು ಬಿಂದಿಗೆ. ಶತಮಾನಗಳಿಂದ ಕಾಲು ತುಳಿದ ಕಲ್ಲು ನುಣುಪಾಗಿ ಹೊಳೆಯುತ್ತದೆ. ಬೆಟ್ಟದ ಕಡೆಯಿಂದ ಕಾಲುವೆಯಲ್ಲಿ ತಂದ ನೀರನ್ನು ಕೆರೆಗಳಲ್ಲಿ ಇಂಗಿಸಿ, ನೆಲದಡಿಯ ಜಲವನ್ನು ತುಂಬಿಸಿ, ಮರಳು ಜಲ್ಲಿಗಳಲ್ಲಿ ಸೋಸಿ ಈ ಬಾಯಿಗಳಿಗೆ ಮುಟ್ಟಿಸುವ ಏರ್ಪಾಡು ಲಿಚ್ಛವಿ ಅರಸರ ಕಾಲದ್ದು. ಮಳೆಗಾಲಕ್ಕೆ ಮುಂಚೆ ಸಿಠಿ ನಖಃ ಎಂಬ ಹಬ್ಬದ ದಿನ ನೇವಾರರು ಬಾವಿ, ಹಿಟಿಗಳ ಹೂಳೆತ್ತಿ ತೊಳೆಯುತ್ತಾರೆ. ಹಬ್ಬದ ತಿಂಡಿ ಬಾರಾ: ನೆನೆಸಿದ ಉದ್ದು ರುಬ್ಬಿ ಕಾವಲಿಯ ಮೇಲೆ ದಪ್ಪಗೆ ಹುಯ್ದು ಬೇಯಿಸಿದ್ದು. ಪಾಟನ್ ಗಲ್ಲಿಗಳಲ್ಲಿ ಅದು ವರ್ಷವಿಡೀ ಸಿಗುತ್ತದೆ, ಬಿಸಿಯಾಗಿಯೇ ತಿನ್ನಬೇಕು. ಕಣಿವೆಯ ಎಷ್ಟೋ ಹಿಟಿಗಳು ಇಂದು ಬತ್ತಿವೆ ಎಂಬುದು ಸಂಕಟದ ಮಾತು. ಹೊಸ ಕಟ್ಟಡಗಳ ಆಳದ ಪಾಯ ನೆಲದೊಳಗಿನ ಕಾಲುವೆಗಳನ್ನು ಕತ್ತರಿಸಿಹಾಕಿದೆ. ಹರಿಯುತ್ತಿರುವಾಗಲೇ ಇದನ್ನು ನೋಡಿಬರಬೇಕು ಎನ್ನುವುದು ಅದಕ್ಕೇ.

ಭಕ್ತಪುರದ ಉತ್ತರದ ಗುಡ್ಡದ ಮೇಲೆ ಚಾಂಗು ನಾರಾಯಣ. ಗುಡಿಯ ಮುಂದಿನ ಕಂಬದ ಬುಡದಲ್ಲಿ ಕೂತರೆ ಕ್ರಿ.ಶ. 464ರ ಶಾಸನ ಎದುರಿಗಿರುತ್ತದೆ. ನಮ್ಮ ಹಲ್ಮಿಡಿ ಶಾಸನದ ಆಸುಪಾಸಿನ ಕಾಲ. ಗುಪ್ತರ ಲಿಪಿ, ಸಂಸ್ಕೃತ ಪದ್ಯ. ರಾಜರ ಶಾಸನವೆಂದಮೇಲೆ ದಂಡಯಾತ್ರೆಯ ಹೊಗಳಿಕೆ ಇದ್ದೇ ಇದೆ. ಅದಕ್ಕೂ ಮೊದಲು ಒಬ್ಬ ಮಗನ ಅಳಲಿದೆ: ತಂದೆ ಧರ್ಮದೇವ ಸತ್ತಾಗ ತಾಯಿ ರಾಜ್ಯವತಿ ಸಹಗಮನಕ್ಕೆ ಸಿದ್ಧಳಾಗುತ್ತಾಳೆ; ನೀನು ಹೋದರೆ ನಾನೂ ಉಳಿಯಲಾರೆ ಎಂದು ಮಾನದೇವ ಕಣ್ಣೀರಿಟ್ಟು ಆಕೆಯನ್ನು ತಡೆಯುತ್ತಾನೆ. ಆಕೆ ಬದುಕುತ್ತಾಳೆ. ಇದನ್ನು ಕಲ್ಲಲ್ಲಿ ಕೊರೆಸಿದ ಆ ಅರಸನ ಮೇಲೆ ನನಗೆ ತುಂಬು ಗೌರವ.

ಕಠ್ಮಂಡುವಿನ ಕಾಷ್ಠಮಂಡಪ 2015ರ ಏಪ್ರಿಲ್ 25ರ ಭೂಕಂಪದಲ್ಲಿ ನೆಲಸಮವಾಯಿತು. ಆಮೇಲೆ ಅಗೆದು ನೋಡಿದ ಪುರಾತತ್ತ್ವಜ್ಞರಿಗೆ ಅಡಿಯಲ್ಲಿ ಏಳನೇ ಶತಮಾನದ ಇಟ್ಟಿಗೆಯ ತಳಪಾಯ ಸಿಕ್ಕಿತು. ಮರದ ಮಂಡಪ ಅಲ್ಲೇ ಮತ್ತೆ ಎದ್ದಿದೆ, ಹಳೆಯ ಕ್ರಮದಲ್ಲೇ.

ಪಶುಪತಿನಾಥಕ್ಕೆ ಹೇಗೂ ಹೋಗುತ್ತೀರಿ. ಗರ್ಭಗುಡಿಯ ಪೂಜೆಗೆ ದಕ್ಷಿಣದ ಭಟ್ಟರನ್ನೇ ನೇಮಿಸುವುದು ಅಲ್ಲಿನ ಹಳೆಯ ಪದ್ಧತಿ. ನಮ್ಮ ಕರಾವಳಿಯಿಂದ ಹೋದವರು ಅವರಲ್ಲಿ ಅನೇಕರು. ಕನ್ನಡದಲ್ಲಿ ಮಾತಾಡಿಸಿ ನೋಡಿ. ಇನ್ನೂ ಹಳೆಯ ನಂಟು ಬೇಕಿದ್ದರೆ ತರಾಯಿಯ ಸಿಮ್ರೌನ್‌ಗಢವಿದೆ. 1097ರಲ್ಲಿ ನಾನ್ಯದೇವ ಸ್ಥಾಪಿಸಿದ ಕರ್ಣಾಟ ವಂಶದ ರಾಜಧಾನಿ ಅದು. ಪ್ಯಾಕೇಜಿನವರು ಅತ್ತ ಬಸ್ಸು ತಿರುಗಿಸುವುದಿಲ್ಲ.

ಕಡೆಗೆ, ಒಂದನ್ನೇ ಆರಿಸಿ ಎಂದರೆ ನಾನು ಆರಿಸುವುದು ಕಾಲಿ ಗಂಡಕಿಯ ಪಾತ್ರ. ಒಂದು ಕಡೆ 8,167 ಮೀಟರಿನ ಧೌಲಗಿರಿ, ಇನ್ನೊಂದು ಕಡೆ 8,091 ಮೀಟರಿನ ಅನ್ನಪೂರ್ಣ, ನಡುವೆ ಸೀಳಿಕೊಂಡು ಇಳಿಯುವ ನದಿ ಇದು. ಮುಕ್ತಿನಾಥಕ್ಕೆ ಹೋಗುವ ನಮ್ಮವರು ಜೋಮ್ಸೋಮ್‌ನಿಂದ ಜೀಪು ಹತ್ತಿ, ಅಲ್ಲಿನ 108 ಧಾರೆಗಳಿಗೆ ತಲೆಯೊಡ್ಡಿ, ಅದೇ ದಿನ ಇಳಿದುಬಿಡುತ್ತಾರೆ. ಹಾಗೆ ಮಾಡಬೇಡಿ. ಜೋಮ್ಸೋಮ್‌ನಿಂದ ಕಾಗ್ಬೇನಿಯವರೆಗೆ ನದಿಯ ಜಲ್ಲಿಯ ಮೇಲೆ ನಡೆಯಿರಿ, ಅರ್ಧ ದಿನದ ದಾರಿ. ಕಪ್ಪು ಗುಂಡುಕಲ್ಲುಗಳ ನಡುವೆ ಒಂದು ಒಡೆದಿದ್ದರೆ ಒಳಗೆ ಸುರುಳಿ ಕಾಣುತ್ತದೆ, ಅಂಚಿನಲ್ಲಿ ಸಣ್ಣ ಸಣ್ಣ ಗೀರುಗಳ ಚಕ್ರ. ನಮ್ಮ ಮನೆಗಳಲ್ಲಿ ಸಂಪುಟದಲ್ಲಿಟ್ಟು ಪೂಜಿಸುವ ಸಾಲಿಗ್ರಾಮ. ಭಾರತದ ಭೂಫಲಕ ಏಷ್ಯಾಕ್ಕೆ ಬಂದು ಒತ್ತುವ ಮುಂಚೆ ಇಲ್ಲಿ ಟೆಥಿಸ್ ಸಮುದ್ರವಿತ್ತು. ಅದರಲ್ಲಿ ಈಜುತ್ತಿದ್ದ ಅಮೋನೈಟ್ ಎಂಬ ಚಿಪ್ಪುಜೀವಿಯ ಅಚ್ಚು ಆ ಸುರುಳಿ. ಕಡಲ ತಳವೇ ಎದ್ದು ಹಿಮಾಲಯವಾಯಿತು ಎಂಬುದು ಪಾಠವಾಗಿ ಗೊತ್ತಿದ್ದರೂ, ಬೊಗಸೆಯಲ್ಲಿ ಆ ಕಲ್ಲು ಹಿಡಿದಾಗ ಮೈ ಜುಮ್ಮೆನ್ನುತ್ತದೆ. ಭಕ್ತಿ ಇದ್ದವರಿಗೂ, ಭೂವಿಜ್ಞಾನದ ಆಸಕ್ತಿ ಇದ್ದವರಿಗೂ ಅಲ್ಲಿ ಸಿಗುವುದು ಒಂದೇ ಬೆರಗು.

ನಸುಕಿನಲ್ಲೇ ಹೊರಡಬೇಕು. ಹೊತ್ತೇರಿದಂತೆ ಟಿಬೆಟಿನ ಪ್ರಸ್ಥಭೂಮಿ ಕಾಯುತ್ತದೆ, ಕೆಳಗಿನ ಗಾಳಿಯನ್ನು ಈ ಇಕ್ಕಟ್ಟಿನ ಮೂಲಕ ಎಳೆದುಕೊಳ್ಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಮರಳು ಕಣ್ಣಿಗೆ ರಾಚುತ್ತದೆ. ಪೋಖರಾದಿಂದ ಬರುವ ಸಣ್ಣ ವಿಮಾನಗಳು ಬೆಳಗಿನಲ್ಲೇ ಹಾರಿ ಮುಗಿಸುವುದು ಈ ಗಾಳಿಗೆ ಹೆದರಿಯೇ. ಮುಕ್ತಿನಾಥ 3,700 ಮೀಟರಿಗೂ ಮೇಲಿದೆ, ಕಾಗ್ಬೇನಿ ಸುಮಾರು 2,800ರಲ್ಲಿ. ಕಾಗ್ಬೇನಿಯಲ್ಲಿ ಒಂದು ರಾತ್ರಿ ಕಳೆದರೆ ಮೈ ಎತ್ತರಕ್ಕೆ ಒಗ್ಗುತ್ತದೆ. ವಯಸ್ಸಾದವರಿಗಂತೂ ಇದು ಕಡ್ಡಾಯ. ಅಕ್ಟೋಬರ್, ನವೆಂಬರ್ ಅಥವಾ ಮಾರ್ಚ್, ಏಪ್ರಿಲ್‌ನಲ್ಲಿ ಹೋಗಿ. ಪ್ಯಾಕೇಜಿನವರು ಆ ಒಂದು ರಾತ್ರಿಗೆ ತಕರಾರು ತೆಗೆದರೆ, ಪೋಖರಾದ ಒಂದು ದಿನವನ್ನು ಬಿಟ್ಟುಕೊಟ್ಟಾದರೂ ಒಪ್ಪಿಸಿಕೊಳ್ಳಿ.